ಶ್ವಾನವಂಶ ಸಂವರ್ಧನೆಯಲ್ಲಿ ರಕ್ತಸಾಮೀಪ್ಯದ ಗಣನೆ

'ವಂಶ' ಎಂಬ ಸಂಸ್ಕೃತ ಶಬ್ದಕ್ಕೆ ಕುಲವೆಂಬ ಅರ್ಥದೊಡನೆ ಬಿದಿರೆಂಬ ಅರ್ಥವೂ ಉಂಟು. ಗೆಣ್ಣಿನ ಮೇಲೆ ಗೆಣ್ಣಾಗಿ ಏರುವ ಬಿದಿರಿಗೂ ತಲೆಮಾರಿನ ಮೇಲೆ ತಲೆಮಾರಾಗಿ ಸಾಗುವ ಕುಲಕ್ಕೂ ಪೂರ್ವಿಕರು ಒಂದೇ ಹೆಸರನ್ನಿತ್ತರು. ಮನುಷ್ಯನು ಸಾಕುಪ್ರಾಣಿಗಳ ಕುಲವನ್ನು ತನ್ನ ಇಷ್ಟದಂತೆ ಬೆಳೆಸಲು ತೊಡಗಿದಾಗ ಒಂದು ಪ್ರಶ್ನೆ ಎದುರಾಗುತ್ತದೆ. ಒಳ್ಳೆಯ ಗುಣವನ್ನು ಕುಲದಲ್ಲಿ ನೆಲೆಗೊಳಿಸಲು ಬಂಧುಗಳನ್ನೇ ತಂದು ಕೂಡಿಸುವುದಾದರೆ, ಆ ಬಂಧುತ್ವ ಎಷ್ಟು ಹತ್ತಿರದ್ದಾಗಿರಬಹುದು? ನಾಯಿಗಳ ತಳಿಗಳಲ್ಲಿ ಈ ಪ್ರಶ್ನೆ ಬಹು ಸ್ಪಷ್ಟವಾಗಿ ಕಾಣಿಸಿಕೊಂಡಿದೆ.

ಪ್ರತಿಯೊಂದು ನಾಯಿಯೂ ಪ್ರತಿಯೊಂದು ವಂಶವಾಹಿಯ ಎರಡು ಪ್ರತಿಗಳನ್ನು ಪಡೆದಿರುತ್ತದೆ. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ದೋಷವುಳ್ಳ ಪ್ರತಿ ಒಂದೇ ಇದ್ದಾಗ ಅನೇಕ ವೇಳೆ ಒಳ್ಳೆಯ ಪ್ರತಿ ಅದನ್ನು ಮರೆಮಾಡುತ್ತದೆ. ಎರಡೂ ದೋಷಯುಕ್ತವಾದಾಗ ಅಡಗಿದ್ದ ರೋಗ ಹೊರಬೀಳುತ್ತದೆ. ತಂದೆತಾಯಿಗಳಿಬ್ಬರೂ ಒಬ್ಬನೇ ಪೂರ್ವಜನಿಂದ ಬಂದವರಾದರೆ ಆ ಪೂರ್ವಜನ ಒಂದೇ ಪ್ರತಿ ಎರಡು ದಾರಿಗಳಲ್ಲಿ ಇಳಿದು ಮರಿಯಲ್ಲಿ ಕೂಡಬಹುದು. ಒಳ್ಳೆಯ ಗುಣ ಸ್ಥಿರವಾಗುವುದು ಈ ಮಾರ್ಗದಿಂದಲೇ. ಕೆಟ್ಟ ಗುಣ ಸ್ಥಿರವಾಗುವುದೂ ಈ ಮಾರ್ಗದಿಂದಲೇ. ಖ್ಯಾತಿವೆತ್ತ ಒಂದು ನಾಯಿಯ ಹೆಸರು ವಂಶಾವಳಿಯ ಎರಡೂ ಪಾರ್ಶ್ವಗಳಲ್ಲಿ ಬರುವಂತೆ, ಆದರೆ ಸ್ವಲ್ಪ ದೂರದಲ್ಲಿ ಬರುವಂತೆ ಜೋಡಿ ಮಾಡುವುದನ್ನು ಶ್ವಾನಪಾಲಕರು ಲೈನ್ ಬ್ರೀಡಿಂಗ್ ಎನ್ನುತ್ತಾರೆ. ಇದು ಅಂತಃಪ್ರಜನನದ ಸೌಮ್ಯರೂಪವೇ ಹೊರತು ಬೇರೊಂದು ವಿಧಾನವಲ್ಲ. ಹೆಸರು ಬದಲಾದ ಮಾತ್ರಕ್ಕೆ ಫಲ ಬದಲಾಗದು.

ಗಣನೆಯ ಕ್ರಮ

ಅಮೆರಿಕದ ತಳಿಶಾಸ್ತ್ರಜ್ಞ ಸ್ಯೂವಾಲ್ ರೈಟ್ 1922ರಲ್ಲಿ ಅಂತಃಪ್ರಜನನ ಗುಣಾಂಕವನ್ನು ನಿರೂಪಿಸಿದನು. ಮರಿಯ ಎರಡು ಪ್ರತಿಗಳು ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಂಭವವೇ ಈ ಗುಣಾಂಕ. ಕ್ರಮ ಸುಲಭವಾದುದು. ತಂದೆಯಿಂದ ಹೊರಟು, ಸಮಾನ ಪೂರ್ವಜನವರೆಗೆ ಏರಿ, ಇನ್ನೊಂದು ಕವಲಿನಲ್ಲಿ ತಾಯಿಯವರೆಗೆ ಇಳಿಯಬೇಕು. ಈ ದಾರಿಯಲ್ಲಿ ಸಿಗುವ ನಾಯಿಗಳನ್ನು, ತಂದೆತಾಯಿಗಳನ್ನೂ ಸೇರಿಸಿ, ಎಣಿಸಬೇಕು. ಎಷ್ಟು ನಾಯಿಗಳೋ ಅಷ್ಟು ಅರ್ಧಗಳನ್ನು ಒಂದರೊಡನೊಂದು ಗುಣಿಸಬೇಕು. ದಾರಿಗಳು ಹಲವಿದ್ದರೆ ಬಂದ ಫಲಗಳನ್ನು ಕೂಡಿಸಬೇಕು. ಪೂರ್ವಜನೇ ಅಂತಃಪ್ರಜನನದಿಂದ ಹುಟ್ಟಿದವನಾದರೆ ಫಲ ಅದಕ್ಕೆ ತಕ್ಕಂತೆ ಇನ್ನೂ ಹೆಚ್ಚುತ್ತದೆ.

ತಂದೆ ಒಂದೇ, ತಾಯಂದಿರು ಬೇರೆಯಾದ ಗಂಡುಹೆಣ್ಣುಗಳನ್ನು ಕೂಡಿಸಿದರೆ ದಾರಿಯಲ್ಲಿ ಮೂರು ನಾಯಿಗಳು. ಫಲ 1/8, ಅಂದರೆ ಶೇಕಡ 12.5. ಒಡಹುಟ್ಟಿದವುಗಳಿಗೆ ಅಂಥ ದಾರಿಗಳು ಎರಡಾದುದರಿಂದ ಶೇಕಡ 25. ತಂದೆಮಗಳ ಜೋಡಿಗೂ ಅಷ್ಟೇ. ಅಜ್ಜ ಮೊಮ್ಮಗಳಿಗೆ ಶೇಕಡ 12.5. ಒಂದು ನಾಯಿ ತಂದೆಗೂ ತಾಯಿಗೂ ಅಜ್ಜನಾಗಿದ್ದರೆ ಆ ಒಂದು ದಾರಿಯಿಂದ ಬರುವುದು 1/32, ಸುಮಾರು ಶೇಕಡ 3. ಬ್ರಿಟನ್ನಿನ ಕೆನಲ್ ಕ್ಲಬ್ 2009ರಲ್ಲಿ ತಂದೆಮಗಳು, ತಾಯಿಮಗ ಹಾಗೂ ಒಡಹುಟ್ಟಿದವುಗಳ ಕೂಟದಿಂದ ಜನಿಸಿದ ಮರಿಗಳ ನೋಂದಣಿಯನ್ನು ನಿಲ್ಲಿಸಿತು.

ಗಣನೆಯ ಮಿತಿ

ಇಲ್ಲಿ ಎಚ್ಚರ ಅಗತ್ಯ. ಐದು ತಲೆಮಾರುಗಳ ವಂಶಾವಳಿಯಲ್ಲಿ ಪೂರ್ವಜರ ಸ್ಥಾನಗಳು 62. ಹತ್ತು ತಲೆಮಾರುಗಳಲ್ಲಿ 2046. ಮುಚ್ಚಿದ ತಳಿಯಲ್ಲಿ ಈ ಸ್ಥಾನಗಳನ್ನು ತುಂಬುವವು ಬಹಳ ಕಡಮೆ ನಾಯಿಗಳು. ಅವೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಆದುದರಿಂದ ಮೂರು ತಲೆಮಾರುಗಳ ಪತ್ರಿಕೆಯಲ್ಲಿ ಸೊನ್ನೆಯೆಂದು ಕಂಡ ಗುಣಾಂಕ ಹತ್ತು ತಲೆಮಾರುಗಳಲ್ಲಿ ದೊಡ್ಡ ಸಂಖ್ಯೆಯಾಗಬಹುದು. ಎಷ್ಟು ತಲೆಮಾರು ಎಣಿಸಿದೆಯೆಂದು ಹೇಳದ ಗುಣಾಂಕಕ್ಕೆ ಬೆಲೆಯಿಲ್ಲ. ಅಲ್ಲದೆ ಗುಣಾಂಕ ಸಂಭವವನ್ನು ಮಾತ್ರ ಹೇಳುತ್ತದೆ. ಒಂದೇ ಸೂಲಿನ ಮರಿಗಳಿಗೆಲ್ಲ ಗುಣಾಂಕ ಒಂದೇ. ಅವು ವಾಸ್ತವವಾಗಿ ಪಡೆದ ವಂಶವಾಹಿಗಳು ಬೇರೆ ಬೇರೆ. ಆ ವ್ಯತ್ಯಾಸವನ್ನು ಇಂದು ಡಿ.ಎನ್.ಎ. ಪರೀಕ್ಷೆಯಿಂದ ಅಳೆಯಬಹುದು.

ದೋಷ ತಳಿಯನ್ನೆಲ್ಲ ವ್ಯಾಪಿಸಿದಾಗ ಗುಣಾಂಕದ ಎಚ್ಚರವೂ ಸಾಲದು. ಮೈತುಂಬ ಚುಕ್ಕೆಗಳುಳ್ಳ ಡಾಲ್ಮೇಷಿಯನ್ ತಳಿ ಇದಕ್ಕೆ ನಿದರ್ಶನ. ಹೆಚ್ಚಿನ ನಾಯಿಗಳ ಯಕೃತ್ತು ಯೂರಿಕ್ ಆಮ್ಲವನ್ನು ನೀರಿನಲ್ಲಿ ಸುಲಭವಾಗಿ ಕರಗುವ ಪದಾರ್ಥವಾಗಿ ಮಾರ್ಪಡಿಸುತ್ತದೆ. ಶುದ್ಧ ಡಾಲ್ಮೇಷಿಯನ್ನುಗಳಲ್ಲಿ ಇದಕ್ಕೆ ಸಂಬಂಧಿಸಿದ ವಂಶವಾಹಿಯ ಎರಡು ಪ್ರತಿಗಳೂ ದೋಷಯುಕ್ತವಾಗಿದ್ದವು. ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಕೆಲವು ನಾಯಿಗಳಲ್ಲಿ, ವಿಶೇಷವಾಗಿ ಗಂಡುಗಳಲ್ಲಿ, ಕಲ್ಲುಗಟ್ಟಿ ಮೂತ್ರ ತಡೆದು ಪ್ರಾಣಾಪಾಯವಾಗುತ್ತಿತ್ತು. ತಳಿಯೊಳಗೆ ಯಾವ ಜೋಡಿಯನ್ನು ಆರಿಸಿದರೂ ಪರಿಹಾರವಿರಲಿಲ್ಲ. ಒಳ್ಳೆಯ ಪ್ರತಿಯೇ ಅಲ್ಲಿ ಉಳಿದಿರಲಿಲ್ಲ.

1973ರಲ್ಲಿ ಅಮೆರಿಕದ ತಳಿಶಾಸ್ತ್ರಜ್ಞ ರಾಬರ್ಟ್ ಶೈಬಲ್ ಡಾಲ್ಮೇಷಿಯನ್ನನ್ನು ಒಂದೇ ಒಂದು ಬಾರಿ ಪಾಯಿಂಟರ್ ನಾಯಿಯೊಡನೆ ಕೂಡಿಸಿದನು. ಒಳ್ಳೆಯ ಪ್ರತಿಯುಳ್ಳ ಮರಿಗಳನ್ನು ಆರಿಸಿ ಪ್ರತಿ ತಲೆಮಾರಿನಲ್ಲೂ ಡಾಲ್ಮೇಷಿಯನ್ನಿಗೇ ಕೊಡಲಾಯಿತು. ಪಾಯಿಂಟರಿನ ಪಾಲು ಸರಾಸರಿಯಲ್ಲಿ ಅರ್ಧ, ಕಾಲು, ಅರೆಕಾಲು ಎಂದು ಇಳಿಯುತ್ತ ಐದನೆಯ ತಲೆಮಾರಿಗೆ 1/32 ಆಯಿತು. ಅಗತ್ಯವಾದ ಒಳ್ಳೆಯ ಪ್ರತಿ ಮಾತ್ರ ಉಳಿಯಿತು. 1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಇಂಥ ಎರಡು ನಾಯಿಗಳನ್ನು ನೋಂದಾಯಿಸಿತಾದರೂ, ಕುಲಶುದ್ಧಿಯ ಹೆಸರಿನಲ್ಲಿ ವಿರೋಧ ಎದ್ದುದರಿಂದ ನೋಂದಣಿ ನಿಂತಿತು. ದೋಷದ ವಂಶವಾಹಿ 2008ರಲ್ಲಿ ಪತ್ತೆಯಾದ ತರುವಾಯ, 2011ರಲ್ಲಿ ಅದೇ ಸಂಸ್ಥೆ ಈ ವಂಶವನ್ನು ಅಂಗೀಕರಿಸಿತು. ಮೂವತ್ತು ವರ್ಷಗಳ ಈ ವಿಳಂಬಕ್ಕೆ ಬೆಲೆ ತೆತ್ತವು ಮೂಕಪ್ರಾಣಿಗಳು.

ನಮ್ಮ ನಾಡಿಗೆ ಅನ್ವಯ

ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಕನ್ನಡ ನಾಡಿನ ಹೆಮ್ಮೆ. 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿ ಹೊರಬಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದರ ಸಂವರ್ಧನೆಗೆಂದೇ ಶ್ವಾನ ಸಂಶೋಧನಾ ಕೇಂದ್ರವಿದೆ. ಡಾಲ್ಮೇಷಿಯನ್ನಿನ ಪಾಠ ಈ ತಳಿಗೂ ಸಲ್ಲುತ್ತದೆ. ಹೆಸರಾದ ಒಂದೇ ಗಂಡಿಗೆ ಸುತ್ತಲಿನ ಹೆಣ್ಣುಗಳನ್ನೆಲ್ಲ ಕೊಡುತ್ತ ಹೋದರೆ ಕೆಲವೇ ತಲೆಮಾರುಗಳಲ್ಲಿ ಎಲ್ಲ ಮರಿಗಳೂ ಬಂಧುಗಳಾಗುತ್ತವೆ. ಆಮೇಲೆ ದೂರದ ಜೋಡಿ ಬೇಕೆಂದರೂ ದೊರೆಯದು. ತಂದೆತಾಯಿಗಳ ಹೆಸರು ಬರೆದಿಡದ ಕಡೆ ಗಣನೆಗೆ ಆಧಾರವೇ ಇಲ್ಲ. ಆದುದರಿಂದ ಸಾಕುವವನ ಮೊದಲ ಕರ್ತವ್ಯ ವಂಶಾವಳಿಯನ್ನು ತಪ್ಪದೆ ಬರೆಯುವುದು. ಎರಡನೆಯದು, ಜೋಡಿ ಮಾಡುವ ಮೊದಲೇ ಗುಣಾಂಕವನ್ನು ಎಣಿಸುವುದು. ಮೂರನೆಯದು, ಗಂಡುಗಳನ್ನು ಬದಲಿಸುತ್ತಿರುವುದು.

ಇದಕ್ಕೆ ಬೇಕಾದ ಗಣಿತ ಮಾಧ್ಯಮಿಕ ಶಾಲೆಯ ಭಿನ್ನರಾಶಿಗಿಂತ ಮಿಗಿಲಾದುದಲ್ಲ. ಉಪಾಧ್ಯಾಯರು ಭಿನ್ನರಾಶಿಯನ್ನು ಕಲಿಸುವಾಗ ಒಂದು ನಾಯಿಯ ವಂಶಾವಳಿಯನ್ನು ಕಪ್ಪುಹಲಗೆಯ ಮೇಲೆ ಬರೆದರೆ, ಅರ್ಧದ ಅರ್ಧವೆಂಬುದು ಬರಿಯ ಅಂಕಿಯಾಗಿ ಉಳಿಯದೆ ಒಂದು ಜೀವದ ಆರೋಗ್ಯದ ಮಾತಾಗಿ ಮಕ್ಕಳ ಮನಸ್ಸಿನಲ್ಲಿ ನಿಲ್ಲುವುದು.