ನೋವಿಗೂ ದಾಖಲೆ ಬೇಕು

ಚಳಿಗಾಲಕ್ಕೆ ಮುಂಚೆ ಮನೆ ಹತ್ತಿರದ ಫಾರ್ಮಸಿಗೆ ಹೋಗಿ ಫ್ಲೂ ಲಸಿಕೆ ಹಾಕಿಸಿಕೊಂಡು ಬರುವುದು ನ್ಯೂಜೆರ್ಸಿಯಲ್ಲಿರುವ ನಮ್ಮ ಮನೆಯ ರೂಢಿ. ಒಂದು ವರ್ಷ ಸೂಜಿ ಭುಜದ ತುದಿಗೆ ತೀರಾ ಹತ್ತಿರ ಬಿತ್ತು. ಅಂದು ರಾತ್ರಿಯೇ ಎಡಭುಜ ಹಿಡಿದುಕೊಂಡಿತು. ಮಾಮೂಲಿ ನೋವಾದರೆ ಎರಡು ಮೂರು ದಿನಕ್ಕೆ ಇಳಿಯಬೇಕು; ಇದು ಇಳಿಯಲಿಲ್ಲ. ಜಡೆ ಹಾಕಿಕೊಳ್ಳಲು, ಮೇಲಿನ ಶೆಲ್ಫಿನ ಡಬ್ಬಿ ತೆಗೆಯಲು ಕೈ ಏಳದಾಯಿತು.

ಭುಜದ ಮೂಳೆಯ ಕೆಳಗೆ ಕೀಲಿನ ಚಲನೆಯನ್ನು ಸಲೀಸು ಮಾಡುವ, ದ್ರವವಿರುವ ತೆಳು ಚೀಲವೊಂದಿದೆ. ಸ್ನಾಯುವಿಗೆ ಹೋಗಬೇಕಾದ ಲಸಿಕೆ ಅಲ್ಲಿ ಸೇರಿದರೆ ಉರಿಯೂತ ಶುರುವಾಗಬಹುದು. ವೈದ್ಯರು ಇದನ್ನು ‘ಸಿರ್ವಾ’ ಎನ್ನುತ್ತಾರೆ.

ಅಮೆರಿಕದಲ್ಲಿ ಇಂಥವರಿಗೆಂದೇ 1986ರ ಕಾಯ್ದೆಯಡಿ ಲಸಿಕೆ ಗಾಯ ಪರಿಹಾರ ಯೋಜನೆಯೊಂದಿದೆ. ಭುಜದ ಗಾಯ ಅದರ ಪಟ್ಟಿಗೆ ಸೇರಿದ್ದು 2017ರ ಮಾರ್ಚ್‌ನಲ್ಲಿ. ಲಸಿಕೆಯ ಪ್ರತಿ ಡೋಸಿಗೂ, ಅದು ತಡೆಯುವ ಒಂದೊಂದು ಕಾಯಿಲೆಗೆ 75 ಸೆಂಟ್‌ನಂತೆ ವಸೂಲಾಗುವ ತೆರಿಗೆಯೇ ಇದರ ನಿಧಿ. ಸೂಜಿ ಚುಚ್ಚಿದವರ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಅರ್ಜಿ ಹೋಗುವುದು ವಾಷಿಂಗ್ಟನ್‌ನ ಫೆಡರಲ್ ಕ್ಲೇಮ್ಸ್ ನ್ಯಾಯಾಲಯಕ್ಕೆ. ಪ್ರತಿವಾದಿ ಕೇಂದ್ರ ಸರ್ಕಾರದ ಆರೋಗ್ಯ ಕಾರ್ಯದರ್ಶಿ.

“ಇಷ್ಟಕ್ಕೆಲ್ಲ ಕೋರ್ಟು ಮೆಟ್ಟಿಲು ಹತ್ತಬೇಕೇನೇ?” ಎಂದರು ಮೈಸೂರಿನಿಂದ ಅಮ್ಮ. ಮೆಟ್ಟಿಲು ಹತ್ತುವ ಪ್ರಮೇಯವೇ ಬರಲಿಲ್ಲ. ಎಲ್ಲ ಕಾಗದದಲ್ಲೇ ನಡೆಯಿತು. ವಕೀಲರ ಖರ್ಚೂ ನನ್ನ ಮೇಲೆ ಬೀಳಲಿಲ್ಲ. ಅರ್ಜಿ ಪ್ರಾಮಾಣಿಕವಾಗಿದ್ದು ತಕ್ಕ ಆಧಾರವಿದ್ದರೆ, ಸೋತರೂ ವಕೀಲರ ಶುಲ್ಕವನ್ನು ನಿಧಿಯೇ ಕೊಡಬಹುದು. ಪರಿಹಾರದಲ್ಲಿ ಅವರು ಪಾಲು ಕೇಳುವಂತಿಲ್ಲ.

ವಕೀಲರು ನನ್ನ ನೋವಿಗಿಂತ ಕಾಗದಗಳ ಬಗ್ಗೆಯೇ ಹೆಚ್ಚು ವಿಚಾರಿಸಿದರು. ಕಾರಣ ಆಮೇಲೆ ಗೊತ್ತಾಯಿತು. ಆ ಭುಜಕ್ಕೆ ಮೊದಲು ತೊಂದರೆ ಇದ್ದಿರಬಾರದು, ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಸೂಜಿ ಹಾಕಿದ ಭುಜಕ್ಕೇ ಸೀಮಿತವಾಗಿರಬೇಕು, ಅದಕ್ಕೆ ಬೇರೆ ಕಾಯಿಲೆ ಕಾರಣವಾಗಿರಬಾರದು. ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದ್ದರೆ ಬೇರೆ ಮಾತು, ಇಲ್ಲವಾದರೆ ತೊಂದರೆ ಆರು ತಿಂಗಳು ಮೀರಿರಬೇಕು. ಇವನ್ನೆಲ್ಲ ಬರೀ ಬಾಯಿಮಾತಿನಲ್ಲಿ ಹೇಳಿದರೆ ನಡೆಯದು.

ನನ್ನ ವಿಷಯದಲ್ಲಿ ಫಾರ್ಮಸಿಯ ದಾಖಲೆಯಲ್ಲಿ ‘ಬಲಗೈ’ ಎಂದಿತ್ತು! ಸರ್ಕಾರಿ ವಕೀಲರು ಹಿಡಿದಿದ್ದೂ ಅದನ್ನೇ. ಕೈಹಿಡಿದದ್ದು ನಮ್ಮ ಡಾಕ್ಟರು ಮೊದಲ ಭೇಟಿಯಲ್ಲೇ ಬರೆದಿಟ್ಟ ಸಾಲು: ಫ್ಲೂ ಲಸಿಕೆ ಹಾಕಿಸಿಕೊಂಡ ರಾತ್ರಿಯಿಂದ ಎಡಭುಜದಲ್ಲಿ ನೋವು. ಎಂ.ಆರ್.ಐ., ಫಿಸಿಯೋಥೆರಪಿಯ ಟಿಪ್ಪಣಿ ಎಲ್ಲವೂ ಅದಕ್ಕೆ ಹೊಂದಿಕೊಂಡವು. ಕೊನೆಗೆ ಸರ್ಕಾರ ಪರಿಹಾರಕ್ಕೆ ಒಪ್ಪಿತು. ನೋವು, ಸಂಕಟಕ್ಕೆಂದು ಸಿಗುವ ಹಣಕ್ಕೆ 2,50,000 ಡಾಲರ್‌ಗಳ ಮಿತಿಯಿದೆ. ಕೈಯಿಂದ ಹಾಕಿದ ಚಿಕಿತ್ಸೆಯ ಖರ್ಚು, ಕಳೆದುಕೊಂಡ ಸಂಬಳ ಬೇರೆ.

ಗಡುವನ್ನು ಮರೆಯಬಾರದು. ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ಕೋವಿಡ್ ಲಸಿಕೆಗೆ ಬೇರೆಯೇ ಯೋಜನೆ. ಅಲ್ಲಿ ಲಸಿಕೆ ಹಾಕಿಸಿದ ದಿನದಿಂದ ಒಂದೇ ವರ್ಷ. ಅಡ್ಡಪರಿಣಾಮ ವರದಿ ಮಾಡುವ ಸರ್ಕಾರಿ ವ್ಯವಸ್ಥೆಗೆ ಬರೆದ ಮಾತ್ರಕ್ಕೆ ಪರಿಹಾರದ ಅರ್ಜಿ ಹಾಕಿದಂತಾಗುವುದಿಲ್ಲ.

ಮರುವರ್ಷವೂ ನಾನು ಲಸಿಕೆ ಹಾಕಿಸಿಕೊಂಡೆ. ನೀವೂ ಬಿಡಬೇಡಿ. ಕುಳಿತುಕೊಂಡೇ ಹಾಕಿಸಿಕೊಳ್ಳಿ, ಕುತ್ತಿಗೆಯ ಕಡೆಯಿಂದ ಅಂಗಿ ಜಾರಿಸದೆ ತೋಳು ಪೂರ್ತಿ ಕಾಣುವಂತೆ ಮಡಚಿ. ಯಾವ ಕೈ ಎಂದು ದಾಖಲೆಯಲ್ಲಿ ಸರಿಯಾಗಿ ಬಂದಿದೆಯೇ ನೋಡಿ. ನೋವು ಇಳಿಯದಿದ್ದರೆ ಸಹಿಸಿಕೊಂಡು ಕೂರದೆ ಡಾಕ್ಟರ ಹತ್ತಿರ ಹೋಗಿ, ದಿನ, ಹೊತ್ತು, ಕೈ ಮೂರನ್ನೂ ಹೇಳಿ ಬರೆಸಿ. ಬರೆದಿಡದ ನೋವಿಗೆ ನ್ಯಾಯಾಲಯದಲ್ಲಿ ಬೆಲೆ ಬಹಳ ಕಡಿಮೆ.