ಹಲ್ಲಿಗೆ ಪಿಂಗಾಣಿಯ ಹೊದಿಕೆ

ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೆದ್ದಾರಿಯಲ್ಲಿ ಸಾಗುವಾಗ ಮುತ್ತಿನಂತಹ ಹಲ್ಲುಗಳನ್ನು ತೋರಿ ನಗುವ ಮುಖಗಳ ಫಲಕಗಳನ್ನು ನಾವು ಕಾಣುತ್ತೇವೆ. ಹಲ್ಲಿನ ಮುಂಭಾಗಕ್ಕೆ ‘ವೆನೀರ್’ ಎಂಬ ತೆಳುವಾದ ಪಿಂಗಾಣಿಯ ಹೊದಿಕೆಯನ್ನು ಅಂಟಿಸಿ ಇಂತಹ ನಗೆಯನ್ನು ಯಾರಿಗಾದರೂ ಒದಗಿಸಬಹುದೆಂದು ಅವು ಸಾರುತ್ತವೆ. ಇದೇ ಹೆದ್ದಾರಿ ಉತ್ತರಕ್ಕೆ ಚಿಕ್ಕಬಳ್ಳಾಪುರವನ್ನು ದಾಟಿ ಬಾಗೇಪಲ್ಲಿಗೆ ಹೋಗುತ್ತದೆ. ಆ ಸೀಮೆಯಿಂದ ಬಂದು ಯಲಹಂಕದಲ್ಲಿ ಉದ್ಯೋಗ ಹಿಡಿದ ಇಪ್ಪತ್ತೆರಡು ವರ್ಷದ ತರುಣಿಯೊಬ್ಬಳನ್ನು ಊಹಿಸಿಕೊಳ್ಳೋಣ. ಆಕೆಯ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂತಹ ಮಚ್ಚೆಗಳೂ ಕಂದುಬಣ್ಣದ ಪಟ್ಟೆಗಳೂ ಇವೆ. ಬಾಯಿಗೆ ಕೈ ಅಡ್ಡವಿಡದೆ ಆಕೆ ನಗುವುದಿಲ್ಲ. ಮನೆಯಲ್ಲಿ ಮದುವೆಯ ಮಾತು ನಡೆದಿದೆ. ಎಂಟು ಹಲ್ಲುಗಳಿಗೆ ಹೊದಿಕೆ ಹಾಕಿಸಿಬಿಡು ಎಂದು ಬಂಧುಗಳ ಸಲಹೆ. ಆಕೆ ಏನು ಮಾಡಬೇಕು?

ಕಲೆಯ ಮೂಲವನ್ನು ಮೊದಲು ಅರಿಯೋಣ. ಹಲ್ಲುಜ್ಜುವುದರಲ್ಲಿ ಸೋಮಾರಿತನವೆಂದು ಇಂತಹವರನ್ನು ಹಳಿಯುವವರುಂಟು. ಅದು ಶುದ್ಧ ಅನ್ಯಾಯ. ಆ ಪ್ರದೇಶದ ಗ್ರಾನೈಟ್ ಬಂಡೆಗಳಲ್ಲಿ ಫ್ಲೋರೀನ್ ಉಳ್ಳ ಖನಿಜಗಳು ಅಡಗಿವೆ. ಕೆರೆಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕೆ ಇಳಿದಂತೆಲ್ಲ, ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಆ ಖನಿಜಗಳನ್ನು ಕರಗಿಸಿಕೊಂಡ ನೀರು ಮೇಲಕ್ಕೆ ಬರತೊಡಗಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರು ದೊರೆಯದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಶೈಶವದಲ್ಲಿ ಕುಡಿದರೆ, ದವಡೆಯೊಳಗೆ ಆಗತಾನೆ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮಲ್ ಸರಿಯಾಗಿ ಗಟ್ಟಿಗೊಳ್ಳದೆ ರಂಧ್ರಮಯವಾಗುವುದು. ಹಲ್ಲು ಮೂಡಿದ ಮೇಲೆ ಆ ರಂಧ್ರಗಳಿಗೆ ಬಣ್ಣ ಹಿಡಿಯುವುದು. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1901ರಲ್ಲಿ ವೃತ್ತಿ ಆರಂಭಿಸಿದ ದಂತವೈದ್ಯ ಫ್ರೆಡರಿಕ್ ಮೆಕೇ ಇಂತಹವೇ ಕಲೆಗಳನ್ನು ಕಂಡು ಬೆರಗಾದನು. ಫ್ಲೋರೈಡೇ ಕಾರಣವೆಂದು ತಿಳಿಯಲು 1931ರವರೆಗೆ ಕಾಯಬೇಕಾಯಿತು.

ಎನಾಮಲ್ ನಮ್ಮ ಶರೀರದಲ್ಲೆಲ್ಲ ಅತ್ಯಂತ ಕಠಿಣವಾದ ವಸ್ತು. ಆದರೂ ಮುಂದಿನ ಹಲ್ಲಿನ ತುದಿಯ ಬಳಿ ಅದರ ದಪ್ಪ ಸುಮಾರು 1 ಮಿಲಿಮೀಟರ್ ಮಾತ್ರ. ಒಸಡಿನ ಬಳಿ ಅದರ ಅರ್ಧದಷ್ಟೂ ಇರದು. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವಷ್ಟರಲ್ಲಿ ನಶಿಸಿರುತ್ತವೆ. ಮುರಿದ ಮೂಳೆ ಕೂಡುವುದು, ಕತ್ತರಿಸಿದ ಉಗುರು ಬೆಳೆಯುವುದು. ಎನಾಮಲ್ ಹೋದರೆ ಹೋಯಿತು. ಹೊದಿಕೆಗೆ ಸ್ಥಳ ಮಾಡಿಕೊಡಲು ವೈದ್ಯರು ಸಾಮಾನ್ಯವಾಗಿ ತೇದು ತೆಗೆಯುವುದು 0.3ರಿಂದ 0.7 ಮಿಲಿಮೀಟರ್. ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಬಹುದು.

ಅಂಟಿನ ವಿಷಯವೂ ಇಲ್ಲಿಯೇ ಬರುತ್ತದೆ. ಫಾಸ್ಫಾರಿಕ್ ಆಮ್ಲದಿಂದ ಎನಾಮಲನ್ನು ಒರಟುಮಾಡಿದರೆ ಅಂಟು ಬಿಗಿಯಾಗಿ ಕಚ್ಚಿಕೊಳ್ಳುವುದೆಂದು 1955ರಲ್ಲಿ ಬ್ಯೂನೋಕೋರ್ ತೋರಿಸಿಕೊಟ್ಟನು. ಪಿಂಗಾಣಿಯ ಒಳಮೈಯನ್ನು ಒರಟುಮಾಡುವುದಾದರೋ ಹೈಡ್ರೋಫ್ಲೋರಿಕ್ ಆಮ್ಲದಿಂದ! ಹಲ್ಲನ್ನು ಕೆಡಿಸಿದ ಮೂಲವಸ್ತುವೇ ಅದರ ಹೊದಿಕೆಯನ್ನು ನಿಲ್ಲಿಸಲು ನೆರವಾಗುವುದು ಸೋಜಿಗವಲ್ಲವೆ? ಆದರೆ ಫ್ಲೋರೈಡ್ ತಗುಲಿದ ಎನಾಮಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗದು. ಹೆಚ್ಚು ಹೊತ್ತು ಆಮ್ಲ ಹಚ್ಚಬೇಕಾಗಬಹುದು. ಎನಾಮಲನ್ನು ಪೂರ್ತಿ ತೇದು ಒಳಗಿನ ದಂತದ್ರವ್ಯಕ್ಕೆ ಅಂಟಿಸಿದ ಹೊದಿಕೆಯನ್ನು ಅಷ್ಟಾಗಿ ನೆಚ್ಚುವಂತಿಲ್ಲ. ಹಲ್ಲು ಜುಮ್ಮೆನ್ನುವುದೂ ಉಂಟು.

ಒಳ್ಳೆಯ ಹೊದಿಕೆ ಹತ್ತು ಹದಿನೈದು ವರ್ಷ ಬಾಳಬಹುದು, ಕೆಲವೊಮ್ಮೆ ಇನ್ನೂ ಹೆಚ್ಚು. ನಮ್ಮ ತರುಣಿಗೆ ಇಪ್ಪತ್ತೆರಡು. ಎಪ್ಪತ್ತು ಮುಟ್ಟುವಷ್ಟರಲ್ಲಿ ಮೂರು ನಾಲ್ಕು ಬಾರಿ ಬದಲಿಸಬೇಕಾದೀತು; ಪ್ರತಿ ಸಲವೂ ಹಣ, ಪ್ರತಿ ಸಲವೂ ಹಲ್ಲಿನ ಇನ್ನಷ್ಟು ಸವೆತ. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೆ ಇದು ಬೇಗ ಬಿರಿಯುವುದು. ಒಸಡಿನ ರೋಗವಿದ್ದರೆ ಅದರ ಚಿಕಿತ್ಸೆಯೇ ಮೊದಲು.

ಆದುದರಿಂದ ಕಲೆ ಎಷ್ಟು ಆಳವಿದೆಯೆಂದು ಪರೀಕ್ಷಿಸಿದ ಹೊರತು ತೇಯುವ ಮಾತೇ ಬೇಡ. ಕಂದುಬಣ್ಣ ಅನೇಕರಲ್ಲಿ ಮೇಲ್ಪದರದಲ್ಲೇ ಇರುತ್ತದೆ. ದುರ್ಬಲವಾದ ಆಮ್ಲ ಸೇರಿದ ನುಣ್ಣನೆಯ ಪುಡಿಯಿಂದ ಉಜ್ಜಿ, ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟನ್ನು ಮಾತ್ರ ತೆಗೆದರೆ ಅದು ಬಹುಮಟ್ಟಿಗೆ ಮಾಯವಾಗಬಹುದು. ಅನಂತರ ಪೆರಾಕ್ಸೈಡಿನಿಂದ ಬಿಳುಪು ಮಾಡಿದರೆ ಸುಣ್ಣದ ಮಚ್ಚೆಗಳೂ ಸುತ್ತಲಿನ ಬಣ್ಣದೊಡನೆ ಬೆರೆತು ಮರೆಯಾಗುವುದುಂಟು. ಕುಳಿಬಿದ್ದ ಹಲ್ಲಿಗೆ ರಾಳದ ಲೇಪನವಿದೆ. ಪಿಂಗಾಣಿಯಷ್ಟು ಬಾಳದಿದ್ದರೂ ದುರಸ್ತಿಗೆ ಸುಲಭ. ಎನಾಮಲ್ ಉದುರಿ, ಕುಳಿಗಳು ಕೂಡಿಕೊಂಡು, ಇವಾವುದೂ ಫಲಿಸದ ಹಲ್ಲಿಗೆ ಪಿಂಗಾಣಿ ನಿಜವಾಗಿ ಉಪಕಾರಿ. ಅಂಥವರು ಹಾಕಿಸಿಕೊಳ್ಳುವುದನ್ನು ಶೋಕಿಯೆನ್ನಲು ನಮಗೆ ಮನಸ್ಸಿಲ್ಲ.

ಹಾಗೆ ನಿರ್ಧರಿಸಿದವರು ಒಂದು ಬೇಡಿಕೆಯನ್ನು ಮುಂದಿಡಬಹುದು: ಹಲ್ಲನ್ನು ತೇಯುವ ಮೊದಲು ಅದರ ಮೇಲೆ ತಾತ್ಕಾಲಿಕ ರಾಳದಿಂದ ಮಾದರಿಯನ್ನು ಮಾಡಿ ತೋರಿಸಿ ಎಂದು. ಒಪ್ಪಿಗೆಯಾಗದಿದ್ದರೆ ಅದನ್ನು ಕಿತ್ತು ಹಾಕಬಹುದು, ಹಲ್ಲಿಗೆ ನಷ್ಟವಿಲ್ಲ. ಎರಡನೆಯ ಅಭಿಪ್ರಾಯ ಬೇಕಾದವರಿಗೆ ಮತ್ತೀಕೆರೆಯ ರಾಮಯ್ಯ, ಹುಣಸಮಾರನಹಳ್ಳಿಯ ಕೃಷ್ಣದೇವರಾಯ ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಇದೇ ಭಾಗದಲ್ಲಿವೆ.

ಊರಿನಲ್ಲಿ ಆಕೆಯ ಅಕ್ಕನಿಗೆ ಒಂದು ವರ್ಷದ ಕೂಸಿದೆಯೆನ್ನೋಣ. ಆ ಕೂಸಿನ ಶಾಶ್ವತ ಬಾಚಿಹಲ್ಲುಗಳು ಈಗ ದವಡೆಯೊಳಗೆ ರೂಪುಗೊಳ್ಳುತ್ತಿವೆ. ಉಳಿದ ಹಲ್ಲುಗಳ ಕೆಲಸ ಎಂಟನೆಯ ವರ್ಷದವರೆಗೂ ನಡೆಯುವುದು. ಮಗುವಿಗೆಂದು ಕೊಳವೆಬಾವಿಯ ನೀರನ್ನು ಕುದಿಸಿ ಕೊಡುವ ತಾಯಂದಿರಿದ್ದಾರೆ. ಕುದಿಸಿದರೆ ರೋಗಾಣುಗಳು ಸಾಯುವುವು, ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುವುದು. ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನೋ, ಫ್ಲೋರೈಡ್ ಪರೀಕ್ಷೆಯಾದ ಶುದ್ಧೀಕರಣ ಘಟಕದ ನೀರನ್ನೋ ಕುದಿಸಿ ಆರಿಸಿ ಕೊಡತಕ್ಕದ್ದು.