ಡೈರೆಕ್ಟ್ ಕೊಟ್ಟ ಗೀಸರ್, ಆಡಲಾರದ ಮಾತು

ನಮ್ಮದು ಕೋಲಾರ ತಾಲ್ಲೂಕಿನ ಸುಗಟೂರು. ನಾನು ನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತೇನೆ. ಬೆಳಗಿನ ಶಿಫ್ಟ್ ಇದ್ದರೆ ಕತ್ತಲಲ್ಲೇ ಕಂಪನಿ ಬಸ್ಸು ಹಿಡಿಯಬೇಕು. ನಮ್ಮ ಯಜಮಾನರು ಟೊಮೇಟೊ ಲೋಡ್ ಹಾಕಿಕೊಂಡು ರಾತ್ರಿಯೇ ಹೊರಟಿರುತ್ತಾರೆ. ಮನೆಯಲ್ಲಿ ಉಳಿಯುವವರು ಅತ್ತೆ ಮತ್ತು ಆರು ವರ್ಷದ ಮಗ. ಹೋದ ತಿಂಗಳು ಗೀಸರಿನಲ್ಲಿ ನೀರು ಕಾಯುವುದು ನಿಂತಿತು. ನನ್ನ ಮೈದುನ ವೈರಿಂಗ್, ಮೋಟಾರ್ ಕೆಲಸ ಮಾಡುವವನು. ಬಿಚ್ಚಿ ನೋಡಿ, ‘ಥರ್ಮೋಸ್ಟಾಟ್ ಹೋಗಿದೆ ಅತ್ತಿಗೆ, ಸದ್ಯಕ್ಕೆ ಡೈರೆಕ್ಟ್ ಕೊಟ್ಟಿದ್ದೀನಿ, ಇಪ್ಪತ್ತು ನಿಮಿಷ ಆದ ಮೇಲೆ ಆಫ್ ಮಾಡಿಬಿಡಿ’ ಅಂದ. ಮೊನ್ನೆ ಅತ್ತೆ ಸ್ವಿಚ್ ಹಾಕಿ, ಹಸು ಕರೆದು, ಹಾಲು ಹಾಕಲು ಡೈರಿಗೆ ಹೋಗಿಬಿಟ್ಟಿದ್ದಾರೆ. ಬಂದು ನಲ್ಲಿ ತಿರುಗಿಸಿದರೆ ನೀರಿನ ಬದಲು ಬುಸ್ಸೆಂದು ಹಬೆ. ಯಜಮಾನರಿಗೆ ಹೇಳಿದರೆ ‘ನನ್ನ ತಮ್ಮನ ಕೆಲಸದಲ್ಲಿ ಹುಳುಕು ಹುಡುಕಬೇಡ, ಎಂಸಿಬಿ ಇದೆಯಲ್ಲ’ ಅನ್ನುತ್ತಾರೆ. ಅತ್ತೆಯೂ ಮುಖ ಕೊಟ್ಟು ಮಾತಾಡುತ್ತಿಲ್ಲ. ನಾನು ಅತಿಯಾಗಿ ಹೆದರುತ್ತಿದ್ದೇನೆಯೇ?
– ಹೆಸರು ಬೇಡ, ಸುಗಟೂರು

ಇಲ್ಲ ತಾಯಿ, ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಇದನ್ನು ಓದಿದ ಕೂಡಲೇ ಗೀಸರಿನ ಎಂಸಿಬಿ ಕೆಳಗಿಳಿಸಿ, ಪ್ಲಗ್ ಇದ್ದರೆ ಕಿತ್ತಿಡಿ. ಹೊಸ ಥರ್ಮೋಸ್ಟಾಟ್ ಬರುವವರೆಗೆ ಅದರಲ್ಲಿ ಒಂದು ಚೊಂಬು ನೀರೂ ಕಾಯಿಸಬೇಡಿ. ಚಳಿಗೆ ಕಷ್ಟವಾಗುತ್ತದೆ, ಬಲ್ಲೆ. ನಾಲ್ಕು ದಿನ ಹಂಡೆ ಒಲೆಗೆ ನೀಲಗಿರಿ ಸೌದೆ ಹಾಕಿ. ಅದಿಲ್ಲದಿದ್ದರೆ ಗ್ಯಾಸಿನ ಮೇಲೆ ಒಂದು ಪಾತ್ರೆ ನೀರು ಇಡಿ.

ಮೊದಲು ಯಜಮಾನರ ಎಂಸಿಬಿ ಮಾತಿಗೆ ಬರೋಣ, ಏಕೆಂದರೆ ಬಹಳ ಮನೆಗಳಲ್ಲಿ ಇದೇ ನಂಬಿಕೆ. ಎಂಸಿಬಿ ಟ್ರಿಪ್ ಆಗುವುದು ಅಳತೆ ಮೀರಿ ಕರೆಂಟ್ ಹರಿದಾಗ ಅಥವಾ ಶಾರ್ಟ್ ಆದಾಗ. ಎರಡು ಸಾವಿರ ವ್ಯಾಟಿನ ಗೀಸರು ಎಳೆಯುವುದು ಸುಮಾರು ಒಂಬತ್ತು ಆಂಪಿಯರ್. ನೀರು ಉಗುರುಬೆಚ್ಚಗಿದ್ದರೂ ಅಷ್ಟೇ, ಕೊತಕೊತ ಕುದಿಯುತ್ತಿದ್ದರೂ ಅಷ್ಟೇ. ನೀರು ಎಷ್ಟು ಕಾದಿದೆ ಎಂಬುದು ಎಂಸಿಬಿಗೆ ತಿಳಿಯುವ ದಾರಿಯೇ ಇಲ್ಲ. ಅದನ್ನು ತಿಳಿದು ಕರೆಂಟ್ ಕತ್ತರಿಸುವ ಸಾಧನ ಥರ್ಮೋಸ್ಟಾಟ್. ಅದು ಕೈಕೊಟ್ಟರೆ ಇರಲಿ ಎಂದು ಥರ್ಮಲ್ ಕಟ್‌ಔಟ್ ಇರುತ್ತದೆ. ಅದೂ ಸೋತರೆ ಕೊನೆಗೆ ತಣ್ಣೀರು ಒಳಹೋಗುವ ಜಾಗದ ಸೇಫ್ಟಿ ವಾಲ್ವ್, ಒತ್ತಡವನ್ನು ಹೊರಬಿಡಲು.

ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹಬೆ. ಕಟ್‌ಔಟ್ ಕೆಲಸ ಮಾಡಿದ್ದರೆ ನೀರು ಅಷ್ಟು ಕಾಯುತ್ತಲೇ ಇರಲಿಲ್ಲ. ಅಂದರೆ ವೈರನ್ನು ನೇರವಾಗಿ ಎಲಿಮೆಂಟಿಗೆ ಕೊಡುವಾಗ ಕಟ್‌ಔಟನ್ನೂ ದಾಟಿಸಿರಬೇಕು, ಇಲ್ಲವೇ ಅದೂ ಕೆಟ್ಟಿರಬೇಕು. ಕೆಲವು ಮಾದರಿಗಳಲ್ಲಿ ಎರಡೂ ಒಂದೇ ಡಬ್ಬಿಯೊಳಗೆ ಇರುತ್ತವೆ, ಒಂದನ್ನು ಬಿಟ್ಟರೆ ಇನ್ನೊಂದೂ ಹೋದಂತೆ. ಮೊನ್ನೆ ನಿಮ್ಮ ಮನೆಯನ್ನು ಕಾಯ್ದದ್ದು ಬಹುಶಃ ಆ ವಾಲ್ವ್ ಒಂದೇ. ಗಡಸು ನೀರಿನ ಊರಿನಲ್ಲಿ ಅದೂ ಸುಣ್ಣ ಕಟ್ಟಿ ಹಿಡಿದುಕೊಳ್ಳುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡದಡಿ ನೀರು ನೂರು ಡಿಗ್ರಿ ದಾಟಿದ ಮೇಲೆ ಟ್ಯಾಂಕ್ ಬಿರುಕು ಬಿಟ್ಟರೆ, ಆ ನೀರಿನ ಒಂದು ಪಾಲು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸಾವಿರದ ಆರುನೂರು ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಗೋಡೆ ಒಡೆಯುವುದು ಹೀಗೆ.

ಟ್ಯಾಂಕ್ ಒಡೆಯದಿದ್ದರೂ ಮಗುವಿನ ವಿಷಯವಿದೆ. ಅರವತ್ತು ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಸುಮಾರು ಐದು ಸೆಕೆಂಡಿನಲ್ಲಿ ಸುಡುತ್ತದೆ. ಮಕ್ಕಳ ಚರ್ಮ, ವಯಸ್ಸಾದವರ ಚರ್ಮ ಇನ್ನೂ ತೆಳು. ನಿಮ್ಮ ಮಗ ಆ ನಲ್ಲಿಯ ಕೆಳಗೆ ಕೈ ಹಿಡಿಯುವ ವಯಸ್ಸಿನವನು.

ಈಗ ಕಷ್ಟದ ಭಾಗ, ಮಾತಿನದು. ಮೈದುನನನ್ನು ಬಿಟ್ಟು ಕೋಲಾರದಿಂದ ಬೇರೆ ಮೆಕ್ಯಾನಿಕ್‌ನನ್ನು ಕರೆಸಿದರೆ ಮನೆಯಲ್ಲಿ ಇನ್ನೊಂದು ಗಾಯವಾಗುತ್ತದೆ. ಅವನನ್ನೇ ಕರೆಯಿರಿ. ಅವನು ಆಡಿದ ಮಾತಿನಲ್ಲೇ ನಿಮಗೆ ದಾರಿಯಿದೆ: ‘ಸದ್ಯಕ್ಕೆ’ ಅಂದಿದ್ದಾನೆ. ಎಲಿಮೆಂಟ್ ಸುಟ್ಟಿಲ್ಲ, ಥರ್ಮೋಸ್ಟಾಟ್ ಹೋಗಿದೆ ಎಂದು ಸರಿಯಾಗಿಯೇ ಗುರುತಿಸಿದ್ದಾನೆ. ‘ನೀನು ಹೇಳಿದ ಸದ್ಯ ಮುಗೀತಪ್ಪ, ಅಮ್ಮ ಮರೆತು ಡೈರಿಗೆ ಹೋಗಿಬಿಟ್ಟಿದ್ದರು, ಹಬೆ ಬಂತು. ಈ ಭಾನುವಾರ ನೀನೇ ಕೂತು ಹೊಸದು ಹಾಕಿಕೊಡು, ದುಡ್ಡು ನಾನು ಕೊಡ್ತೀನಿ’ ಅನ್ನಿ. ಅತ್ತೆಯ ಎದುರಿಗೇ ಹೇಳಿ, ಆದರೆ ಮರೆವನ್ನು ಅವರ ತಪ್ಪಾಗಿ ಮಾಡಬೇಡಿ. ಬೆಳಗಿನ ಜಾವ ಎದ್ದು ಸೆಗಣಿ ಬಾಚಿ ಹಾಲು ಕರೆಯುವ ಹೆಂಗಸಿನ ತಲೆಯ ಮೇಲೆ ಗಡಿಯಾರದ ಕೆಲಸವನ್ನೂ ಹೊರಿಸಿದ್ದು ನ್ಯಾಯವಲ್ಲ, ಅದನ್ನು ನೀವೇ ಬಾಯಿಬಿಟ್ಟು ಹೇಳಿ. ಅವರ ಮುನಿಸು ಅರ್ಧ ಅಲ್ಲೇ ಇಳಿಯುತ್ತದೆ.

ಥರ್ಮೋಸ್ಟಾಟಿಗೆ ಆಗುವುದು ಕೆಲವು ನೂರು ರೂಪಾಯಿ. ಹಳೆಯದನ್ನು ಅಂಗಡಿಗೆ ತೆಗೆದುಕೊಂಡು ಹೋಗಲಿ. ಕಡ್ಡಿಯಂಥದ್ದೋ, ಸಣ್ಣ ತಾಮ್ರದ ಕೊಳವೆಯದ್ದೋ ನೋಡಿ, ಅದೇ ಜಾತಿಯದು, ಅದೇ ಉದ್ದದ್ದು, ಅಷ್ಟೇ ಆಂಪಿಯರಿನದು ಬೇಕು. ಕಡ್ಡಿ ಥರ್ಮೋಸ್ಟಾಟಿನ ಒಳಗುಟ್ಟು ಬಹಳ ಸೊಗಸು. ಹಿತ್ತಾಳೆ ಕೊಳವೆಯೊಳಗೆ ಇನ್ವಾರ್ ಎಂಬ ಮಿಶ್ರಲೋಹದ ಸರಳು. ಬಿಸಿಗೆ ಹಿತ್ತಾಳೆ ಹಿಗ್ಗುತ್ತದೆ, ಇನ್ವಾರ್ ಹಿಗ್ಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಆ ಕೂದಲೆಳೆಯ ವ್ಯತ್ಯಾಸವೇ ಟಕ್ ಎಂದು ಸ್ವಿಚ್ ಬಿಡಿಸುತ್ತದೆ. ಇನ್ವಾರ್ ಕಂಡುಹಿಡಿದ ಗಿಯೋಮ್ ಎಂಬ ವಿಜ್ಞಾನಿಗೆ 1920ರಲ್ಲಿ ನೊಬೆಲ್ ಬಂತು. ಅಂಥದ್ದನ್ನು ಒಂದು ತುಂಡು ವೈರಿನಿಂದ ದಾಟಿಸಿಬಿಡುವುದು ನನಗಂತೂ ಹೊಟ್ಟೆ ಉರಿಸುವ ಸಂಗತಿ.

ಮೈದುನನಿಗೆ ಕೆಲಸ ಗೊತ್ತು, ಆದರೂ ಕೆಲವನ್ನು ನೀವು ಪಕ್ಕದಲ್ಲಿ ನಿಂತು ನೋಡಿ. ಬಚ್ಚಲಿನ ಸ್ವಿಚ್ ಆರಿಸಿದರೆ ಸಾಲದು, ಎಷ್ಟೋ ಮನೆಗಳಲ್ಲಿ ಸ್ವಿಚ್ ಫೇಸಿನ ಬದಲು ನ್ಯೂಟ್ರಲಿಗೆ ಬಿದ್ದಿರುತ್ತದೆ. ಮೇನೇ ಇಳಿಸಲಿ, ಮೇಲೆ ಟೆಸ್ಟರ್ ಹಿಡಿಯಲಿ. ಬಿಚ್ಚುವ ಮುಂಚೆ ವೈರುಗಳ ಫೋಟೊ ನಿಮ್ಮ ಮೊಬೈಲಿನಲ್ಲಿರಲಿ. ತುದಿಯ ಪಿನ್ನುಗಳು ಬಿಗಿಯಾಗಿ ಕೂರಬೇಕು, ಸಡಿಲವಿದ್ದರೆ ಒಂಬತ್ತು ಆಂಪಿಯರ್ ಅಲ್ಲೇ ಕಿಡಿಯಾಡಿ ಹೊಸದೂ ಸುಟ್ಟುಹೋಗುತ್ತದೆ. ಕಟ್‌ಔಟ್ ಮತ್ತೆ ಸಾಲಿಗೆ ಸೇರಬೇಕು, ಕೆಟ್ಟಿದ್ದರೆ ಅದೂ ಹೊಸದೇ ಬರಬೇಕು. ಹಬೆ ಕಂಡ ಟ್ಯಾಂಕಾದ್ದರಿಂದ ಸೇಫ್ಟಿ ವಾಲ್ವನ್ನೂ ಬದಲಿಸಿಬಿಡಿ. ಅರ್ತ್ ವೈರ್ ಯಾವ ಕಾರಣಕ್ಕೂ ತಪ್ಪಬಾರದು.

ಹೇಗೂ ಬಿಚ್ಚಿರುವಾಗ ಟ್ಯಾಂಕ್ ಖಾಲಿ ಮಾಡಿ ಎಲಿಮೆಂಟನ್ನೂ ಹೊರತೆಗೆಸಿ. ನಮ್ಮ ಕೋಲಾರದ ಆಳದ ಬೋರ್‌ವೆಲ್ ನೀರಿನ ಗಡಸು ನಿಮಗೆ ಹೇಳಬೇಕಿಲ್ಲ. ಕಾದಾಗ ಆ ನೀರಿನ ಕ್ಯಾಲ್ಸಿಯಂ ಬಿಳಿ ಹಕ್ಕಳೆಯಾಗಿ ಎಲಿಮೆಂಟಿಗೆ ಮೆತ್ತಿಕೊಳ್ಳುತ್ತದೆ, ಥರ್ಮೋಸ್ಟಾಟ್ ಕೂರುವ ಕೊಳವೆಗೂ ಮೆತ್ತಿಕೊಳ್ಳುತ್ತದೆ. ಆಗ ನೀರಿನ ಬಿಸಿ ಅದಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಕೆರೆದು ತೆಗೆಸಿ, ಪಕ್ಕದ ಮೆಗ್ನೀಸಿಯಂ ಕಡ್ಡಿ ಸವೆದಿದ್ದರೆ ಬದಲಿಸಿ. ಇನ್ನು ಮುಂದೆ ಗುಂಡಿಯನ್ನು ಐವತ್ತರಿಂದ ಅರವತ್ತರೊಳಗೆ ಇಡಿ, ಅರವತ್ತು ದಾಟಿದಷ್ಟೂ ಹಕ್ಕಳೆ ಜಾಸ್ತಿ. ಅಷ್ಟು ಬಿಸಿ ಇದ್ದರೂ ಮಗುವಿಗೆ ಬಕೆಟ್ಟಿನಲ್ಲಿ ತಣ್ಣೀರು ಮೊದಲು, ಬಿಸಿನೀರು ಆಮೇಲೆ.

ಎಲ್ಲ ಮುಗಿದ ಮೇಲೆ ಬಿಸಿನೀರಿನ ನಲ್ಲಿ ತಿರುಗಿಸಿ, ಧಾರೆ ತುಂಬಿ ಬಂದ ಮೇಲೆಯೇ ಸ್ವಿಚ್ ಹಾಕಲಿ, ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಸುಟ್ಟುಹೋಗುತ್ತದೆ. ಇಪ್ಪತ್ತೈದು ಲೀಟರಿನ ಗೀಸರಾದರೆ ಅರ್ಧ ಗಂಟೆ, ಮುಕ್ಕಾಲು ಗಂಟೆಯೊಳಗೆ ಕೆಂಪು ದೀಪ ತಾನಾಗಿ ಆರಬೇಕು. ಯಜಮಾನರು, ಅತ್ತೆ, ಮೈದುನ ಎಲ್ಲರೂ ಮನೆಯಲ್ಲಿರುವಾಗಲೇ ಈ ಪರೀಕ್ಷೆ ಆಗಲಿ. ಒಂದು ಗಂಟೆಯಾದರೂ ದೀಪ ಆರದಿದ್ದರೆ ಎಂಸಿಬಿ ಇಳಿಸಿ, ಅವನು ಹೊರಡುವ ಮುಂಚೆಯೇ ಮತ್ತೆ ಬಿಚ್ಚಿಸಿ.